ಗಣಪಿ ಡಾಟ್ ಕಾಮ್

ಕುಮಟಾ
೧೨ ಆಗಸ್ಟ್ ೨೦೦೨

ತೀರ್ಥರೂಪ ಅಪ್ಪನವರಿಗೆ,

ವಿನುತಾ ಮಾಡುವ ನಮಸ್ಕಾರಗಳು.

ಕವರಿನ ಮೇಲಿನ ಅಕ್ಷರ ನೋಡಿ ಇದನ್ನು ಹಾಗೇ ಬದಿಗಿಡಬೇಡಿ. ನಿಮ್ಮ ಒಪ್ಪಿಗೆಯಿಲ್ಲದೆ ನನ್ನ ಮದುವೆಯಾಗಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ನಾನೂ ಬರೆದಿಲ್ಲ, ನೀವೂ ಬರೆದಿಲ್ಲ. ಆ ಮಾತೆತ್ತಲು ಈಗ ಬರೆಯುತ್ತಿಲ್ಲ. ಒಂದು ಕಾನೂನಿನ ತೊಡಕು ಬಂದಿದೆ. ಕುಮಟೆಯಲ್ಲಿ ಇಬ್ಬರು ವಕೀಲರನ್ನು ಕಂಡೆ. ಒಬ್ಬರು ಕಾಗದ ಓದಿ ನಕ್ಕು ವಾಪಸ್ ಕೊಟ್ಟರು. ಇನ್ನೊಬ್ಬರು, "ಇಂಥದ್ದು ನಾನು ಕೇಳಿಯೇ ಇಲ್ಲ. ಹೊನ್ನಾವರದ ನಾಯಕ ವಕೀಲರನ್ನು ಕೇಳಿ. ಗೊತ್ತಿಲ್ಲದ್ದನ್ನು ಕೂತು ಓದುವ ಚಟ ಇರುವವರು ಅವರೊಬ್ಬರೇ" ಎಂದರು. ನಾನು ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ವಿಷಯ ಹೀಗಿದೆ. ನಾನು ಇಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಜಟ್ಟನ ತಾಯಿ, ನನ್ನ ಅತ್ತೆ, ಮಣಿಸರ ಪೋಣಿಸುತ್ತಾರೆ. ಅವರ ಜನದ ಹೆಂಗಸರು ಕೊರಳ ತುಂಬ ಹಾಕಿಕೊಳ್ಳುವ ಸರಗಳನ್ನು ನೀವು ಸಂತೆಯಲ್ಲಿ ನೋಡಿರುತ್ತೀರಿ. ಒಮ್ಮೆ ಅವರು ನೆಂಟರ ಜೊತೆ ಅಪ್ಸರಕೊಂಡದ ಜಲಪಾತಕ್ಕೆ ಹೋಗಿದ್ದಾಗ ಒಬ್ಬ ವಿದೇಶಿ ಹೆಂಗಸು ಇವರ ಕೊರಳು ನೋಡುತ್ತ ನಿಂತುಬಿಟ್ಟಳಂತೆ. ಇವರು ಒಂದು ಸರ ತೆಗೆದು ಅವಳ ಕೊರಳಿಗೆ ಹಾಕಿ ಬಂದರು. ಮರುವರ್ಷ ಆ ಹೆಂಗಸಿನ ಗೆಳತಿಯರು ಕುಮಟೆಯ ಪಕ್ಕದ ಹಂದಿಗೋಣದ ನಮ್ಮ ಕೇರಿಯವರೆಗೆ ಹುಡುಕಿಕೊಂಡು ಬಂದರು. ಈಗ ಕೇರಿಯ ಹತ್ತಾರು ಹೆಂಗಸರು ನಾಟಿ, ಕೊಯ್ಲು ಮುಗಿದ ಮೇಲೆ ಇದೇ ಕೆಲಸ ಮಾಡುತ್ತಾರೆ.

ಎರಡು ವರ್ಷದ ಹಿಂದೆ ನಾನು ಇವರ ಸರಗಳನ್ನು ಅಂತರಜಾಲದಲ್ಲಿ ಮಾರುವ ಏರ್ಪಾಡು ಮಾಡಿದೆ. ಅಲ್ಲಿ ಅಂಗಡಿ ಇಡಬೇಕಾದರೆ ಮೊದಲು ಒಂದು ಹೆಸರು ಹಿಡಿಯಬೇಕು. ಒಬ್ಬರು ಹಿಡಿದ ಹೆಸರು ಇಡೀ ಜಗತ್ತಿನಲ್ಲಿ ಇನ್ನೊಬ್ಬರಿಗೆ ಸಿಗುವುದಿಲ್ಲ. ಮಣಿ, ಸರ, ಹಾರ, ಕಡಲು ಎಂದು ತೋಚಿದ್ದನ್ನೆಲ್ಲ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಒತ್ತಿ ನೋಡಿದೆ. ಎಲ್ಲವನ್ನೂ ಯಾರೋ ಹಿಡಿದಾಗಿತ್ತು. ಸಾಕಾಗಿ ಕೊನೆಗೆ ಅತ್ತೆಯ ಹೆಸರು ಒತ್ತಿದೆ. ಗಣಪಿ. "ಲಭ್ಯವಿದೆ" ಎಂದು ಬಂತು. ಅಪ್ಪ, ನನ್ನ ಮೈ ಜುಮ್ಮೆಂದಿತು. ಭೂಮಿಯ ಮೇಲೆ ಇಷ್ಟು ಕೋಟಿ ಜನರಿದ್ದೂ ಒಬ್ಬರೂ ಆ ಹೆಸರನ್ನು ಬೇಕೆಂದು ಕೇಳಿರಲಿಲ್ಲ.

ಈಗ ಯುರೋಪಿನ ಒಂದು ಕಂಪನಿಯ ವಕೀಲರಿಂದ ನೋಟೀಸು ಬಂದಿದೆ. ಅವರು ಮುಖಕ್ಕೆ ಹಚ್ಚುವ ಒಂದು ಕ್ರೀಮಿಗೆ ಇದೇ ಹೆಸರಿಟ್ಟಿದ್ದಾರೆ. ಅಲ್ಲಿ ಟ್ರೇಡ್‌ಮಾರ್ಕ್ ನೋಂದಣಿಯೂ ಇದೆಯಂತೆ. ಹೆಸರನ್ನು ತಮಗೆ ಬಿಟ್ಟುಕೊಡಿ, ಎಷ್ಟು ಹಣ ಬೇಕು ಹೇಳಿ ಎಂದು ಕೇಳಿದ್ದಾರೆ. ನೋಟೀಸಿನ ಪ್ರತಿ ಇಟ್ಟಿದ್ದೇನೆ. ಏನು ಮಾಡಬೇಕು ಎಂದು ಒಂದು ಸಾಲು ಬರೆದರೆ ಸಾಕು.

ಆಯಿಯ ಮಂಡಿನೋವು ಹೇಗಿದೆ?

ಇತಿ,
ವಿನುತಾ

*

ಹೊನ್ನಾವರ
೧೯ ಆಗಸ್ಟ್ ೨೦೦೨

ಶ್ರೀಮತಿ ವಿನುತಾ ಜಟ್ಟ ಗೌಡ ಇವರಿಗೆ,

ನಿಮ್ಮ ಪತ್ರ ಹಾಗೂ ಲಗತ್ತಿಸಿದ ನೋಟೀಸು ತಲುಪಿದವು. ಯಾರೇ ಕಕ್ಷಿದಾರರು ಬಂದರೂ ಹೇಳುವುದನ್ನೇ ನಿಮಗೂ ಹೇಳುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು, ಯಾವ ಕಾರಣಕ್ಕೂ ಬೆಲೆ ಹೇಳಬೇಡಿ. ಅವರು ಬೆಲೆ ಕೇಳುವುದು ಕೊಳ್ಳುವುದಕ್ಕಲ್ಲ. ನೀವು ಒಂದು ಅಂಕಿ ಹೇಳಿದಿರೋ, "ನಮ್ಮ ಹೆಸರನ್ನು ಹಿಡಿದಿಟ್ಟು ನಮಗೇ ಮಾರಲು ಬಂದವರು ಇವರು" ಎನ್ನಲು ಅವರಿಗೆ ಪುರಾವೆ ಸಿಕ್ಕಂತಾಯಿತು. ಗದ್ದೆಯ ಗಡಿ ತಕರಾರಿನಲ್ಲಿ ನೋಡಿದ ಆಟವೇ ಇದು. ಊರು ಯಾವುದಾದರೂ ವಕೀಲರ ಬುದ್ಧಿ ಒಂದೇ.

ಎರಡನೆಯದಾಗಿ, ಈ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ನಿಮ್ಮದೋ, ನಿಮ್ಮ ಯಜಮಾನರದೋ, ಆ ಹೆಂಗಸಿನದೋ? ಆಕೆಯ ಹೆಸರು ನಿಜಕ್ಕೂ ಅದೇ ಹೌದೋ, ಅಥವಾ ಮನೆಯಲ್ಲಿ ಕರೆಯುವುದಷ್ಟೆಯೋ? ನೋಟೀಸು ಬರುವ ಮೊದಲೇ ಆ ಹೆಸರಿನಲ್ಲಿ ನಿಜವಾದ ಮಾರಾಟ ನಡೆದಿತ್ತೋ? ಸ್ಪಷ್ಟವಾಗಿ ತಿಳಿಸಿ. ಈ ಬಗೆಯ ತಕರಾರುಗಳಿಗೆ ಜಿನೀವಾ ಕಡೆ ಏನೋ ನಿಯಮಾವಳಿ ಇರುವುದಾಗಿ ನೋಟೀಸಿನಲ್ಲಿದೆ. ಅದು ನಿಮ್ಮ ಯಂತ್ರದಲ್ಲಿ ಸಿಗುವುದಾದರೆ ಪ್ರತಿ ತೆಗೆದು ಕಳಿಸಿ. ನಾನು ಓದಿಲ್ಲ.

ನಿಮ್ಮ ತಾಯಿಯ ಮಂಡಿ ಹಾಗೇ ಇದೆ.

ಎಂ. ಜಿ. ನಾಯಕ
ವಕೀಲರು

*

ಕುಮಟಾ
೨೪ ಆಗಸ್ಟ್ ೨೦೦೨

ತೀರ್ಥರೂಪ ಅಪ್ಪನವರಿಗೆ,

ನಮಸ್ಕಾರಗಳು. ನಿಯಮಾವಳಿಯ ಪ್ರತಿ ಇದರೊಂದಿಗಿದೆ.

ನೋಂದಣಿ ಅತ್ತೆಯ ಹೆಸರಿನಲ್ಲೇ ಇದೆ. ಕಾನೂನು ತಿಳಿದು ಹಾಗೆ ಮಾಡಿದ್ದಲ್ಲ. ಯಜಮಾನರು ಯಾರು ಎಂದು ಕಂಪ್ಯೂಟರ್ ಕೇಳಿತು, ಅಂಗಡಿ ಅವರದು, ಅವರ ಹೆಸರು ತುಂಬಿದೆ. ಹುಟ್ಟಿದಾಗಿನಿಂದ ಅವರ ಹೆಸರು ಗಣಪಿಯೇ. ಚೌತಿಯ ಮರುದಿನ ಹುಟ್ಟಿದ್ದಕ್ಕೆ ಇಟ್ಟರಂತೆ. ಮಾರಾಟ ಎರಡು ವರ್ಷದಿಂದ ನಡೆದಿದೆ. ಭಟ್ಕಳದ ಒಬ್ಬ ನವಾಯತ ವ್ಯಾಪಾರಿ ದುಬೈಯ ತನ್ನ ಅಂಗಡಿಗೂ ಒಯ್ಯುತ್ತಾನೆ. ಅಲ್ಲಿಯ ಹೆಂಗಸರು "ಗಣಪಿ ಸರ ಬಂತೇ?" ಎಂದು ಕೇಳುತ್ತಾರಂತೆ.

ಆದರೆ ಒಂದು ತೊಡಕಿದೆ. ಅತ್ತೆಗೆ ಈ ಹೆಸರು ಉಳಿಸಿಕೊಳ್ಳುವ ಮನಸ್ಸೇ ಇಲ್ಲ. ನೋಟೀಸಿನ ಸಂಗತಿ ಹೇಳಿದೆ. ಅಂಗಳದಲ್ಲಿ ಕೂತು ಈರುಳ್ಳಿ ಜಡೆ ಹೆಣೆಯುತ್ತಿದ್ದವರು ತಲೆ ಎತ್ತದೆ, "ಕೊಟ್ಬಿಡು ಮಗಾ. ಹೆಸ್ರೇನು, ಗದ್ದೆಯಾ? ಈ ಕೇರಿಲೇ ನಾಕ್ ಜನ ಗಣಪಿ ಇದ್ವು. ಅವ್ರಿಗೂ ಒಂದ್ ಬೇಕಾರೆ ಇಟ್ಕಳ್ಲಿ" ಎಂದುಬಿಟ್ಟರು. ನನಗೆ ಅಳು ಬಂತು. ಹೊರ ಊರುಗಳಿಂದ ಬರುವ ಕಾಗದಗಳನ್ನು ಓದಿ ಹೇಳುವವಳು ನಾನು. ನಾರ್ವೆ ದೇಶದ ಒಬ್ಬ ಮುದುಕಿ ಬರೆದಿದ್ದಳು, ಬೆಳಿಗ್ಗೆ ಸರ ಹಾಕಿಕೊಳ್ಳುವಾಗ ಈ ಹೆಸರನ್ನು ಒಮ್ಮೆ ಬಾಯಲ್ಲಿ ಹೇಳಿಕೊಳ್ಳುತ್ತೇನೆ ಎಂದು. ಅದನ್ನು ಹೇಳಿದರೆ ಅತ್ತೆ, "ಪಾಪ, ಮನೇಲಿ ಮಾತಾಡುಕೆ ಯಾರೂ ಇಲ್ಲ ಕಾಣ್ತದೆ" ಎಂದರು, ಅಷ್ಟೇ.

ನಾನೇ ಹಟ ಮಾಡುತ್ತಿದ್ದೇನೋ?

ಇತಿ,
ವಿನುತಾ

*

ಹೊನ್ನಾವರ
೯ ಸೆಪ್ಟೆಂಬರ್ ೨೦೦೨

ವಿನುತಾ,

ನೀನು ಕಳಿಸಿದ ನಿಯಮಗಳನ್ನು ಓದಿದೆ. ಮತ್ತೆ ಓದಿದೆ. ಉತ್ತರ ತಡವಾದದ್ದು ಅದಕ್ಕೇ.

ಇದನ್ನು ಯಾರಿಗಾದರೂ ಹೇಳಬೇಕು ಅನ್ನಿಸುತ್ತಿದೆ. ಬಾರ್ ರೂಮಿನಲ್ಲಿ ಹೇಳಿದರೆ ಎಲೆಯಡಿಕೆ ಹಾಕಿಕೊಂಡು ಆಕಳಿಸುತ್ತಾರೆ. ಆದ್ದರಿಂದ ನಿನಗೇ ಬರೆಯುತ್ತಿದ್ದೇನೆ. ನಾನು ವಕೀಲಿ ಶುರುಮಾಡಿದ ದಿನದಿಂದ ನ್ಯಾಯ ಎಂದರೆ ಒಂದು ಕಟ್ಟಡ, ಅದರೊಳಗೊಂದು ಎತ್ತರದ ಪೀಠ, ಹೊರಗೆ ಕೂಗುವ ಜವಾನ. ಗಡಿ ಎಂದರೆ ಕಲ್ಲು, ಹಳ್ಳ, ಇಲ್ಲವೇ ಹುಣಸೆಮರ. ಈ ನ್ಯಾಯಕ್ಕೆ ಕಟ್ಟಡವಿಲ್ಲ, ಜವಾನನಿಲ್ಲ. ಸ್ಟಾಂಪಿಲ್ಲ, ಕರಿಕೋಟಿಲ್ಲ. ಉತ್ತರ ಕೊಡುವವರು ಶುಲ್ಕ ಕಟ್ಟಬೇಕಾಗಿಲ್ಲ. ಯಾವುದೋ ದೇಶದ ಒಬ್ಬ ಪಂಚರನ್ನು ಆರಿಸುತ್ತಾರೆ. ಅವರು ತಮ್ಮ ಮನೆಯಲ್ಲೇ ಕುಳಿತು ಎರಡೂ ಕಡೆಯ ಕಾಗದ ಓದಿ ತೀರ್ಪು ಬರೆಯುತ್ತಾರೆ. ಆ ತೀರ್ಪು ಬಂದರೆ ಜಗತ್ತಿನ ಯಾವ ಮೂಲೆಯ ಕಂಪ್ಯೂಟರಿನಲ್ಲೂ ಆ ಹೆಸರು ಇವರ ಕಡೆಯಿಂದ ಅವರ ಕಡೆಗೆ ತಿರುಗಿಬಿಡುತ್ತದೆ. ಜಪ್ತಿಗೆ ಬರುವ ಅಮೀನನೂ ಬೇಡ, ಪೊಲೀಸನೂ ಬೇಡ. ಇಂಥದ್ದನ್ನು ಮನುಷ್ಯರು ಕಟ್ಟಿದ್ದಾರೆಂದು ನನಗೆ ಗೊತ್ತಿರಲಿಲ್ಲ.

ಅಲ್ಲಿ ಕೇಳುವುದು ಮೂರೇ ಪ್ರಶ್ನೆ. ಈ ಹೆಸರು ಫಿರ್ಯಾದಿಯ ಟ್ರೇಡ್‌ಮಾರ್ಕಿನಂತೆ ಇದೆಯೇ? ಇದೆ, ಅಲ್ಲಿ ನಾವು ಸೋತೆವು. ಹಿಡಿದವರಿಗೆ ಆ ಹೆಸರಿನ ಮೇಲೆ ಯಾವ ಹಕ್ಕೂ ಇಲ್ಲವೇ? ಕೆಟ್ಟ ಉದ್ದೇಶದಿಂದ ಹಿಡಿದು ಬಳಸುತ್ತಿದ್ದಾರೆಯೇ? ಫಿರ್ಯಾದಿ ಈ ಮೂರನ್ನೂ ಸಾಬೀತು ಮಾಡಬೇಕು. ಒಂದು ತಪ್ಪಿದರೂ ಹೆಸರು ನಮ್ಮಲ್ಲೇ ಉಳಿಯುತ್ತದೆ. ಇನ್ನೊಂದು ಮಾತಿದೆ, ಅದನ್ನು ಓದುವಾಗ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಒಬ್ಬ ವ್ಯಕ್ತಿ ಜನರ ಬಾಯಲ್ಲಿ ಆ ಹೆಸರಿನಿಂದಲೇ ಪರಿಚಿತನಾಗಿದ್ದರೆ ಅದೇ ಹಕ್ಕು, ಟ್ರೇಡ್‌ಮಾರ್ಕು ಇಲ್ಲದಿದ್ದರೂ ಚಿಂತೆಯಿಲ್ಲ ಎಂದಿದೆ. ಅಂದರೆ ನಾಲ್ಕು ಜನ ಕರೆದು ಕರೆದು ಒಬ್ಬರಿಗೆ ಹಕ್ಕು ಹುಟ್ಟಿಸಬಹುದು. ಕಾಗದವೇ ಬೇಕಾಗಿಲ್ಲ.

ಇನ್ನು ನಿನ್ನ ಹಟದ ಮಾತು. ಕಕ್ಷಿದಾರರು ನೀನಲ್ಲ, ಅವರು. ಕೊಟ್ಟುಬಿಡು ಎಂದರೆ ಕೊಡಬೇಕು. ಅವರ ಹೆಸರನ್ನು ಅವರಿಗೆ ಬೇಡದಿದ್ದರೂ ಕಾಯುತ್ತೇನೆ ಎನ್ನುವುದು ನ್ಯಾಯವಲ್ಲ.

ನೀನು ಊಟ ತಿಂಡಿ ಸರಿಯಾಗಿ ಮಾಡುತ್ತೀಯೋ ಇಲ್ಲವೋ ಎಂದು ಆಯಿ ಕೇಳಿದಳು.

ಎಂ. ಜಿ. ನಾಯಕ

*

ಕುಮಟಾ
೩ ಅಕ್ಟೋಬರ್ ೨೦೦೨

ಪ್ರೀತಿಯ ಅಪ್ಪನಿಗೆ,

ಊಟ ಮಾಡುತ್ತೇನೆ ಎಂದು ಆಯಿಗೆ ಹೇಳಿ.

ನಾವು ಉತ್ತರ ಬರೆಯದೆ ಇದ್ದುದಕ್ಕೆ ಕಂಪನಿಯವರು ಜಿನೀವಾದಲ್ಲಿ ಫಿರ್ಯಾದು ಹಾಕಿದ್ದಾರೆ. ಅದು ನಿನ್ನೆ ಇ-ಮೇಲಿನಲ್ಲಿ ಬಂತು. ಕೊರಿಯರಿನಲ್ಲಿ ದಪ್ಪ ಕಟ್ಟೂ ಬಂದಿದೆ. ಉತ್ತರಕ್ಕೆ ಇಪ್ಪತ್ತು ದಿನ.

ಅತ್ತೆಯ ಮುಂದೆ ಅದನ್ನು ಕನ್ನಡ ಮಾಡಿ ಓದಿದೆ. ಕೊಡುವುದಾದರೂ ಏನು ಬರೆದಿದ್ದಾರೆಂದು ತಿಳಿದೇ ಕೊಡಲಿ ಎಂದುಕೊಂಡಿದ್ದೆ. ಜಟ್ಟ ವಿದ್ಯುತ್ ಕಂಬದ ಕೆಲಸ ಮುಗಿಸಿ ಬಂದು ಬಾಗಿಲ ಹತ್ತಿರ ನಿಂತಿದ್ದರು. ಕ್ರೀಮಿನ ಕಥೆ, ಜಾಹೀರಾತಿನ ಕಥೆ, ಯಾವ ಯಾವ ದೇಶದಲ್ಲಿ ನೋಂದಣಿ ಎಂಬುದೆಲ್ಲ ಆಯಿತು. ಅತ್ತೆ ಮಣಿ ಪೋಣಿಸುತ್ತಲೇ ಹೂಂ ಹೂಂ ಎನ್ನುತ್ತಿದ್ದರು. ಆಮೇಲೆ ಒಂದು ಪ್ಯಾರಾ ಬಂತು. ಈ ಶಬ್ದ ನಾವೇ ಹುಟ್ಟಿಸಿದ್ದು, ಜಗತ್ತಿನ ಯಾವ ಭಾಷೆಯಲ್ಲೂ ಇದಕ್ಕೆ ಅರ್ಥವಿಲ್ಲ, ಇದು ಯಾವ ಮನುಷ್ಯರ ಹೆಸರೂ ಅಲ್ಲ, ಈ ಹೆಸರಿನ ಹೆಂಗಸೊಬ್ಬಳು ಇದ್ದಾಳೆ ಎಂಬುದು ನಮ್ಮನ್ನು ಮೋಸ ಮಾಡಲು ಕಟ್ಟಿದ ಕಥೆ ಎಂದಿತ್ತು.

ಅತ್ತೆಯ ಕೈ ನಿಂತಿತು.

"ಎಂತ ಬರದಾರೆ? ಮತ್ತೊಂದ್ಸಲ ಹೇಳು."

ಮತ್ತೆ ಓದಿದೆ.

"ನಾ ಇಲ್ಲ ಹೇಳಿ ಬರದಾರಾ?"

"ಹೌದು ಅತ್ತೆ."

ಅವರು ಎದ್ದು ನಿಂತರು. ಅಪ್ಪ, ಈ ಮೂರು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. "ಹಂಗಾರೆ ಇಷ್ಟ್ ವರ್ಷ ಈ ಗದ್ದೆ ನೆಟ್ಟವ್ಳು ಯಾರು? ಇವನ ಹೆತ್ತವ್ಳು ಯಾರು?" ಎಂದು ಜಟ್ಟನ ಕಡೆ ಕೈ ತೋರಿಸಿದರು. "ಹೆಸ್ರು ಬೇಕು ಅಂದಿದ್ರೆ ಕೊಡ್ತಿದ್ದೆ. ನಾ ಇಲ್ಲ ಅಂದ್ರೆ ಹೆಂಗೆ ಕೊಡೂದು? ಇಲ್ದವ್ಳು ಕೊಡುಕಾತದಾ?" ಆಮೇಲೆ ನನ್ನ ಕಡೆ ತಿರುಗಿ, "ನಿನ್ನಪ್ಪಂಗೆ ಬರಿ. ನಾ ಇದ್ದೆ ಹೇಳಿ ಬರಿ" ಎಂದರು.

ಅದಕ್ಕೆ ಬರೆಯುತ್ತಿದ್ದೇನೆ. ಅವರು ಇದ್ದಾರೆ.

ನಿಮ್ಮ,
ವಿನುತಾ

*

ಹೊನ್ನಾವರ
೧೪ ಅಕ್ಟೋಬರ್ ೨೦೦೨

ಚಿ. ವಿನುತಾಗೆ,

ಆಶೀರ್ವಾದಗಳು. ಕೈಫಿಯತ್ತು, ಅಂದರೆ ಫಿರ್ಯಾದಿಗೆ ನಮ್ಮ ಲಿಖಿತ ಉತ್ತರ, ಇದರೊಂದಿಗಿದೆ. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದೇನೆ. ಒಂದು ಅಕ್ಷರ ಬದಲಾಯಿಸದೆ ಕಳಿಸು. ಹೆಂಗಸರ ಹೇಳಿಕೆಗಳನ್ನು, ಭಟ್ಕಳದ ವ್ಯಾಪಾರಿ ಬರೆದುಕೊಟ್ಟದ್ದನ್ನು ನಿನ್ನ ಯಂತ್ರದಲ್ಲಿ ಚಿತ್ರ ತೆಗೆದು ಜೋಡಿಸು.

ನಿನ್ನೆ ಇಲ್ಲಿ ನಡೆದದ್ದನ್ನು ನೀನು ನೋಡಬೇಕಿತ್ತು. ನಿನಗೆ ತರಗತಿ ಇತ್ತೆಂದು ನಿನ್ನ ಅತ್ತೆ ಹೇಳಿದರು.

ಫಿರ್ಯಾದಿಯವರು ಇದು ಮನುಷ್ಯರ ಹೆಸರೇ ಅಲ್ಲ ಎಂದಿದ್ದಾರಲ್ಲ, ಹಾಗಾದರೆ ಆ ಹೆಸರಿನ ಮನುಷ್ಯರನ್ನೇ ಮುಂದಿಡೋಣ, ಕೇರಿಯ ಇನ್ನು ಮೂರು ಗಣಪಿಯರನ್ನು ಕರೆತರಲಿ, ನೋಟರಿಯವರನ್ನು ನಮ್ಮ ಮನೆಗೇ ಬರಹೇಳುತ್ತೇನೆ ಎಂದು ನಾನು ತಿಳಿಸಿದ್ದೆ. ಮೂವರು ಬರುತ್ತಾರೆಂದು ಆಯಿ ಅವಲಕ್ಕಿ ಕಲಸಿಟ್ಟಿದ್ದಳು. ಬೆಳಿಗ್ಗೆ ಗೇಟಿನ ಹತ್ತಿರ ಒಂದು ಟೆಂಪೋ ನಿಂತಿತು. ಅದರ ಹಿಂದೆ ಇನ್ನೊಂದು. ಹೆಂಗಸರು ಇಳಿಯುತ್ತಲೇ ಇದ್ದರು. ಹಂದಿಗೋಣದವರು, ಮಿರ್ಜಾನ ಕಡೆಯವರು, ಹೊಳೆಯಾಚೆಯವರು. ಮಾವಳ್ಳಿಯಿಂದ ಮೀನು ಮಾರುವ ಒಬ್ಬಾಕೆ ಬುಟ್ಟಿ ಸಮೇತ ಬಸ್ಸಿನಲ್ಲಿ ಬಂದಿದ್ದಳು. ಅವಳದು ಬೇರೆ ಜನ, ಆದರೂ ಹೆಸರು ಗಣಪಿ. ಸುದ್ದಿ ನೆಂಟರಿಂದ ನೆಂಟರಿಗೆ, ಸಂತೆಯಿಂದ ಸಂತೆಗೆ ಹೋಗಿತ್ತು: ಗಣಪಿ ಎಂಬ ಹೆಸರಿನವರು ಯಾರೂ ಇಲ್ಲ ಎಂದು ಯಾರೋ ಬರೆದಿದ್ದಾರಂತೆ, ಇದ್ದವರು ಹೋಗಿ ಹೇಳಬೇಕಂತೆ. ನಡೆಯಲಾಗದ ಒಬ್ಬ ಅಜ್ಜಿಯನ್ನು ಮೊಮ್ಮಗಳು ಎತ್ತಿಕೊಂಡೇ ಬಂದಿದ್ದಳು.

ನಮ್ಮ ಜಗಲಿಯಲ್ಲಿ ಅಷ್ಟು ಜನಕ್ಕೆ ಎಲ್ಲಿಯ ಜಾಗ? ಮೇಜು ಕುರ್ಚಿ ಟೈಪ್‌ರೈಟರುಗಳನ್ನು ನಾನು ಅಂಗಳಕ್ಕೆ ಇಳಿಸಿದೆ. ನೋಟರಿ ಕಾಮತರು ನನ್ನ ಮುಖ ನೋಡಿ ತಮ್ಮ ರಿಜಿಸ್ಟರು ಬಿಚ್ಚಿದರು.

ಒಬ್ಬೊಬ್ಬರೇ ಬಂದು ಮೇಜಿನ ಮುಂದೆ ನಿಂತರು. "ನಿನ್ನ ಹೆಸರು?" "ಗಣಪಿ." "ಗಂಡನ ಹೆಸರು?" ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾಚಿಕೊಂಡು ಪಕ್ಕದವಳನ್ನು ನೋಡುವರು, ಅವಳು ಹೇಳುವಳು. ಆದರೆ ತಮ್ಮ ಹೆಸರನ್ನು ಹೇಳುವಾಗ, ವಿನುತಾ, ಏನು ಹೇಳಲಿ! ಕೆಲವರು ಮೊದಲು ಗಂಟಲು ಸರಿಮಾಡಿಕೊಂಡರು. ಒಬ್ಬಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಆ ಅಜ್ಜಿ ಹೇಳಲೇ ಇಲ್ಲ, ಬಾಯಿ ಅಲುಗಿತು, ದನಿ ಬರಲಿಲ್ಲ. ಮೊಮ್ಮಗಳು, "ಇವಳ್ನ ಹೆಸರು ಹಿಡ್ದು ಕರ್ದವ್ರೆಲ್ಲ ಸತ್ತೋದ್ರು, ಈಗ ಎಲ್ಲರೂ ಅಜ್ಜಿ ಅಂತ್ರು" ಎಂದಳು. ನಾನು ಎದ್ದು ಅಜ್ಜಿಯ ಹತ್ತಿರ ಹೋಗಿ ಕಿವಿಯಲ್ಲಿ, "ಗಣಪೀ" ಎಂದು ಕರೆದೆ. ಆಕೆ "ಓ" ಎಂದಳು. ಕಾಮತರು ಅದನ್ನೇ ಬರೆದುಕೊಂಡರು. ಹೆಸರು ಹಿಡಿದು ಕರೆದಾಗ ಓಗೊಟ್ಟಳು ಎಂದು. ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ನಾನು ಯಾವ ಕೋರ್ಟಿನಲ್ಲೂ ಕಂಡಿಲ್ಲ.

ತಮ್ಮ ಸರದಿಗೆ ಕಾಯುವಾಗ ಅವರು ಹಾಡಿಕೊಳ್ಳತೊಡಗಿದರು. ಯಾರು ಶುರುಮಾಡಿದರೋ ಗೊತ್ತಿಲ್ಲ. ಒಬ್ಬಳು ಒಂದು ಸಾಲು ಎತ್ತಿದರೆ ಉಳಿದವರು ಅದನ್ನು ಹಿಡಿಯುತ್ತಿದ್ದರು. ಟೈಪು ಮಾಡುತ್ತಿದ್ದ ನನ್ನ ಬೆರಳು ನಿಂತಿತು. ಈ ಜನರ ದಾವೆಗಳನ್ನು ನಾನು ನಡೆಸಿದ್ದೇನೆ, ಇವರಿಂದ ತರಕಾರಿ ಕೊಂಡಿದ್ದೇನೆ. ಇವರ ಹಾಡನ್ನು ಇಷ್ಟು ಹತ್ತಿರದಿಂದ ಕೇಳಿದ್ದು ಇದೇ ಮೊದಲು.

ಕೊನೆಯ ಸರದಿ ನಿನ್ನ ಅತ್ತೆಯದು. ಅವರು ಬೆಳಗಿನಿಂದ ತುಳಸಿಕಟ್ಟೆಯ ಬದಿಯಲ್ಲಿ ಕುಳಿತಿದ್ದರು. ಆಯಿ ಚಹಾ ಕೊಟ್ಟವಳು ಒಳಗೆ ಬರದೆ, ಆ ಮಂಡಿ ಇಟ್ಟುಕೊಂಡು, ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತುಬಿಟ್ಟಳು. ಇಬ್ಬರೂ ಏನು ಮಾತಾಡಿದರೋ ನನಗೆ ಹೇಳಿಲ್ಲ. ಹೆಬ್ಬೆಟ್ಟು ಒತ್ತಿ ಅವರು, "ಸಾಕಾ ಒಡೆಯಾ?" ಎಂದರು. ಸಾಕು ಎಂದೆ. ಬೇರೆ ಏನೋ ಹೇಳಬೇಕಿತ್ತು. ಅಷ್ಟರಲ್ಲಿ ಟೆಂಪೋದವನು ಹಾರ್ನ್ ಹೊಡೆದ.

ತೀರ್ಪು ಏನೇ ಬರಲಿ.

ಅಪ್ಪ

*

ಕುಮಟಾ
೨ ಡಿಸೆಂಬರ್ ೨೦೦೨

ಪ್ರೀತಿಯ ಅಪ್ಪನಿಗೆ,

ಗೆದ್ದೆವು!

ಫೋನು ಮಾಡಲು ಬೂತಿನ ತನಕ ಹೋಗಿದ್ದೆ. ನಂಬರು ಒತ್ತಿ, ನಿಮ್ಮ ದನಿ ಕೇಳಿದರೆ ನನ್ನ ದನಿ ಹೊರಡುವುದಿಲ್ಲ ಅನ್ನಿಸಿ ಇಟ್ಟುಬಿಟ್ಟೆ. ತೀರ್ಪಿನ ಪ್ರತಿ ಕಳಿಸುತ್ತಿದ್ದೇನೆ. ನೀವೇ ಓದಿ.

ಪಂಚರು ನ್ಯೂಜಿಲೆಂಡಿನ ಒಬ್ಬ ಹೆಂಗಸು. ನಿಮ್ಮ ಹಾಗೆ ಬಹಳ ವರ್ಷ ವಕೀಲಿ ಮಾಡಿದವರಂತೆ. ನಾನು ಭೂಪಟ ತೆಗೆದು ಅತ್ತೆಗೆ ತೋರಿಸಿದೆ. ಇಲ್ಲಿ ಕುಮಟೆ, ಇಲ್ಲಿ ಆಕೆ. ಮಧ್ಯೆ ಇರುವ ನೀಲಿಯನ್ನೆಲ್ಲ ಅತ್ತೆ ಬೆರಳಲ್ಲಿ ಸವರಿ ನೋಡಿದರು.

ಮೊದಲ ಪ್ರಶ್ನೆಯಲ್ಲಿ ನೀವು ಹೇಳಿದಂತೆಯೇ ಸೋತಿದ್ದೇವೆ, ಎರಡನೆಯದರಲ್ಲಿ ಗೆದ್ದಿದ್ದೇವೆ, ಹಾಗಾಗಿ ಮೂರನೆಯದನ್ನು ನೋಡುವ ಅಗತ್ಯವೇ ಇಲ್ಲ ಎಂದಿದ್ದಾರೆ. ಆದರೆ ಅವರು ಬರೆದ ಕೆಲವು ಸಾಲುಗಳನ್ನು ಅತ್ತೆಗಾಗಿ ಕನ್ನಡ ಮಾಡಿದೆ. ನನ್ನ ಕನ್ನಡ ಸರಿಯಿದೆಯೇ ನೋಡಿ: "ಈ ಹೆಸರಿನ ವ್ಯಕ್ತಿ ಇಲ್ಲವೆಂದು ಫಿರ್ಯಾದಿ ಹೇಳುತ್ತಾರೆ. ಪ್ರತಿವಾದಿ ಇದ್ದಾರೆ. ಅವರ ಹೆಸರು ಗಣಪಿ. ಫಿರ್ಯಾದಿಯ ಕಂಪನಿ ಹುಟ್ಟುವ ಮೊದಲೂ ಅವರ ಹೆಸರು ಅದೇ ಆಗಿತ್ತು. ಅದೇ ಹೆಸರಿನ ವೃದ್ಧೆಯೊಬ್ಬರು ತಮ್ಮನ್ನು ಕರೆದಾಗ ಓಗೊಟ್ಟರೆಂಬ ಹೇಳಿಕೆಯನ್ನು ನಾನು ಗಮನಿಸಿದ್ದೇನೆ. ಇದರ ಮೇಲೆ ಇನ್ನಾವ ಪುರಾವೆ ಬೇಕೆಂದು ನನಗೆ ತಿಳಿಯುವುದಿಲ್ಲ."

ಕೇರಿಯ ಹೆಂಗಸರೆಲ್ಲ ಅಂಗಳದಲ್ಲಿ ಸೇರಿದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ಆ ಅಜ್ಜಿಯ ಮೊಮ್ಮಗಳು ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅತ್ತೆ ಕೇಳಿದರು.

"ಆ ಹೆಂಗ್ಸು ನನ್ನ ಕಂಡಿದ್ಲನಾ?"

"ಇಲ್ಲ ಅತ್ತೆ. ಎಲ್ಲಿ ಕಾಣಬೇಕು?"

"ಕಾಣದೇನೇ ನಂಬಿದ್ಲಾ?"

"ಅಪ್ಪ ಬರೆದು ಕಳಿಸಿದ್ದನ್ನು ಓದಿ ನಂಬಿದರು."

ಅವರು ಮಣಿಯ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಿನ್ನಪ್ಪ ನನ್ನ ಕಂಡದ್ದೂ ಒಂದೇ ದಿನ" ಎಂದರು ಆಮೇಲೆ. ಅದನ್ನು ಯಾವ ಅರ್ಥದಲ್ಲಿ ಹೇಳಿದರೋ ನನಗೆ ತಿಳಿಯಲಿಲ್ಲ. ಹೇಳಿದ್ದನ್ನು ಹೇಳಿದಂತೆ ಬರೆದಿದ್ದೇನೆ.

ಕಂಪನಿಯ ಮೇಲೆ ಅವರಿಗೆ ಈಗ ಸಿಟ್ಟಿಲ್ಲ. "ಅವ್ರ ಕ್ರೀಮು ಅವ್ರು ಮಾರ್ಕಳ್ಲಿ. ನಾ ಇದ್ದೆ ಹೇಳಿ ಗೊತ್ತಾತಲೆ, ಆತು" ಎನ್ನುತ್ತಾರೆ.

ನಿಮ್ಮ,
ವಿನುತಾ

*

ಹೊನ್ನಾವರ
೯ ಡಿಸೆಂಬರ್ ೨೦೦೨

ಚಿ. ಸೌ. ವಿನುತಾಗೆ,

ಆಶೀರ್ವಾದಗಳು. ತೀರ್ಪು ಓದಿದೆ. ನಿನ್ನ ಕನ್ನಡ ಸರಿಯಿದೆ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಕುಮಟೆಗೆ ಬರಬೇಕೆಂದಿದ್ದೇನೆ. ಆಯಿಗೆ ಬಸ್ಸು ಹತ್ತಲು ಆಗದು, ನಾನೊಬ್ಬನೇ ಬರುತ್ತೇನೆ. ನಿನ್ನ ಅತ್ತೆಯವರಿಗೂ ಜಟ್ಟನಿಗೂ ಅಡ್ಡಿಯಿಲ್ಲ ಎಂದಾದರೆ ಮಾತ್ರ. ಅವರನ್ನು ಕೇಳಿ ತಿಳಿಸು. ಅವರ ಪರವಾಗಿ ನೀನೇ ಹೂಂ ಎಂದುಬಿಡಬೇಡ.

ಅಪ್ಪ

*

ಹಂದಿಗೋಣ
೧೬ ಡಿಸೆಂಬರ್ ೨೦೦೨

ಪ್ರೀತಿಯ ಆಯಿಗೆ,

ಅಪ್ಪ ನಿನ್ನೆ ಸಂಜೆ ಸುಖವಾಗಿ ಮುಟ್ಟಿರಬೇಕು. "ಹೋಗಿದ್ದೆ, ಊಟ ಮಾಡಿದೆ, ಬಂದೆ" ಎಂದಷ್ಟೇ ಹೇಳಿರುತ್ತಾರೆ. ಉಳಿದದ್ದನ್ನು ಅವರು ನಿನಗೆ ಹೇಳುವವರಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಜಟ್ಟ ಬಸ್‌ಸ್ಟ್ಯಾಂಡಿನಿಂದ ಕರೆತಂದರು. ದಾರಿಯಲ್ಲಿ ಇಬ್ಬರೂ ವಿದ್ಯುತ್ ಕಂಬಗಳ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲವಂತೆ. ಅಂಗಳಕ್ಕೆ ಬಂದು ಅಪ್ಪ ಚಪ್ಪಲಿ ಬಿಟ್ಟು ನಿಂತರು. ಅತ್ತೆ ಕಾಲಿಗೆ ನೀರು ಕೊಟ್ಟರು. "ಬನ್ನಿ ಒಡೆಯಾ" ಎಂದರು. ಅಪ್ಪ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತು, "ಒಡೆಯಾ ಹೇಳಿ ಕರೀಬೇಡಿ. ನಾವು ಬೀಗರಲ್ಲವಾ?" ಎಂದರು. ಅತ್ತೆ ನನ್ನ ಮುಖ ನೋಡಿದರು. ನಾನು ಒಲೆಯ ಮೇಲೆ ಏನೋ ಇಟ್ಟವಳ ಹಾಗೆ ಒಳಗೆ ಓಡಿಹೋದೆ.

ಸಾರು, ಅನ್ನ, ಹೆಸರುಕಾಳಿನ ಪಲ್ಯ ಮಾಡಿದ್ದೆವು. ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು. ಊಟವಾದ ಮೇಲೆ, "ಈ ಹೆಸರಿನ ಮೇಲೆ ಇಷ್ಟೆಲ್ಲ ಬರೆದೆ, ಅದು ಇರುವ ಜಾಗ ನಾನು ನೋಡಿಲ್ಲ" ಎಂದರು. "ನಾನೂ ಕಂಡಿಲ್ಲ" ಎಂದರು ಅತ್ತೆ. ಎರಡು ವರ್ಷದಲ್ಲಿ ಅವರಿಗೆ ಅದನ್ನು ತೋರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ, ಆಯಿ.

ಎಲ್ಲರೂ ಜಟ್ಟನ ಗೆಳೆಯ ಅಣ್ಣಪ್ಪನ ಸೈಬರ್ ಅಂಗಡಿಗೆ ಹೋದೆವು. ಅಣ್ಣಪ್ಪ ಎರಡು ಕುರ್ಚಿ ಹಾಕಿದ. ಒಂದರಲ್ಲಿ ಅಪ್ಪ, ಒಂದರಲ್ಲಿ ಅತ್ತೆ ಕೂತರು. ಫೋನಿನ ತಂತಿ ಕಿರಗುಟ್ಟಿ ಸಂಪರ್ಕ ಸಿಕ್ಕಿತು. ನಾನು ಒಂದೊಂದೇ ಅಕ್ಷರ ಒತ್ತಿದೆ, ಅಪ್ಪ ಒಂದೊಂದನ್ನೂ ಬಾಯಲ್ಲಿ ಹೇಳಿಕೊಂಡರು.

ಅಲ್ಲಿ ಅತ್ತೆಯದೊಂದು ಫೋಟೋ ಇದೆ, ಜಟ್ಟ ತೆಗೆದದ್ದು. ನಮ್ಮ ಕಡೆಯ ಲೈನಿನಲ್ಲಿ ಚಿತ್ರ ಒಮ್ಮೆಲೇ ಬರುವುದಿಲ್ಲ. ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತದೆ. ಮೊದಲು ನೆತ್ತಿ ಬಂತು. ಆಮೇಲೆ ಬೈತಲೆ, ಹಣೆ, ಕುಂಕುಮ. ಆಮೇಲೆ ಕಣ್ಣು. ಅತ್ತೆ ಕುರ್ಚಿಯ ಕೈ ಹಿಡಿದುಕೊಂಡರು. ಮೂಗುತಿ ಬಂತು, ತುಟಿ ಬಂತು, ಕೊನೆಗೆ ಕೊರಳು. ಕರಿ, ಹಳದಿ, ಕೆಂಪು, ಒಂದರ ಕೆಳಗೊಂದು ಸರಗಳು ಇಳಿಯುತ್ತಲೇ ಇದ್ದವು. ನಾನು ದಿನಾ ನೋಡುವ ಪುಟ ಅದು. ನಿನ್ನೆ ಮಾತ್ರ, ಕತ್ತಲಲ್ಲಿ ದೇವರ ಮೂರ್ತಿಯ ಮುಂದೆ ದೀಪ ಹಿಡಿದು ನಿಂತ ಹಾಗಾಯಿತು.

"ನಾ ಇಲ್ಲಿ ಕೂತಿನಲೆ" ಎಂದರು ಅತ್ತೆ, ಮೆಲ್ಲಗೆ. "ಅಲ್ಲೂ ಇದ್ನಲೆ."

"ಈಗ ಈ ಕ್ಷಣ ಆ ನ್ಯೂಜಿಲೆಂಡಿನಾಕೆ ನೋಡಿದ್ರೂ ಇದೇ ಕಾಣ್ತದೆ" ಎಂದರು ಅಪ್ಪ.

ಅತ್ತೆ ಪರದೆಯ ಕಡೆಗೆ ಕೈ ಚಾಚಿದರು. ಗಾಜಿಗೆ ಇನ್ನೇನು ತಾಗಬೇಕು ಅನ್ನುವಾಗ ಹಿಂದೆ ತೆಗೆದುಕೊಂಡರು. ಆಮೇಲೆ ಅಪ್ಪನ ಕಡೆ ತಿರುಗಿ ಕೇಳಿದರು. "ಬೀಗ್ರೆ, ನಾ ಸತ್ಮೇಲೂ ಇದು ಹಿಂಗೇ ಇರ್ತದಾ?"

ಅಪ್ಪ ಸುಳ್ಳು ಹೇಳುವುದಿಲ್ಲ, ನಿನಗೆ ಗೊತ್ತು. "ಇಲ್ಲ" ಎಂದರು. "ಈ ಹೆಸರು ಯಾರಿಗೂ ಕಾಯಂ ಅಲ್ಲ. ಅವಧಿ ಮುಗಿಯೂದ್ರೊಳಗೆ ಮತ್ತೆ ಹೊಸದು ಮಾಡಿಸ್ತಾ ಇರ್ಬೇಕು. ಮರೆತ್ರೆ ಹೋಯ್ತು. ಯಾರು ಬೇಕಾದ್ರೂ ಹಿಡ್ಕಳ್ಬಹುದು."

"ಗೆದ್ಮೇಲೂ?"

"ಗೆದ್ದ ಮೇಲೂ."

ಅತ್ತೆ ಪರದೆಯನ್ನೇ ನೋಡುತ್ತ ಕೂತರು. "ಹಂಗಾರೆ ಯಾರು ನೆನಪಿಟ್ಟು ಮಾಡಿಸ್ತ್ರು? ಇವ್ರಿಗೆಲ್ಲ ಅವ್ರವ್ರ ಕೆಲ್ಸ."

"ನಾ ಇರೂತನಕ ನಾ ಮಾಡಿಸ್ತೆ" ಎಂದರು ಅಪ್ಪ. ಆಮೇಲೆ ನನ್ನ ಕಡೆ ನೋಡದೆ, ಅತ್ತೆಯ ಮುಖವನ್ನೇ ನೋಡಿ ಹೇಳಿದರು. "ಆಮೇಲೆ ನಮ್ಮ ಮಗಳು ಮಾಡಿಸ್ತದೆ."

ಅತ್ತೆ ತಲೆಯಾಡಿಸಿದರು.

ನಿನ್ನ ಮಗಳು,
ವಿನುತಾ